ನೆಟ್ಟಗೆ ನಡೆದ ಹುಡುಗಿ

ಹುಬ್ಬಳ್ಳಿಯ ಆ ಅನಿಮೇಷನ್ ಸ್ಟುಡಿಯೋಗೆ ‘ಒಳಗಣ್ಣು’ ಎಂಬ ಯಂತ್ರ ಬಂದ ದಿನ ನೀಲಾಂಬಿಕಾ ಹೊಸಮನಿ ಕಾರಿಡಾರಿನಲ್ಲಿ ಮುದುಕನ ಹಾಗೆ ನಡೆಯುತ್ತಿದ್ದಳು. ಮೊಣಕಾಲು ಪೂರ್ತಿ ಮಡಿಸದೆ, ಒಂದು ಕೈ ಸೊಂಟದ ಹಿಂದೆ ಇಟ್ಟುಕೊಂಡು, ಆ ತುದಿಯಿಂದ ಈ ತುದಿಗೆ ಐದು ಸಲ ಹೋಗಿ ಬಂದಳು. ಆರನೆಯ ಸಲ ಎಡಭುಜ ತಾನಾಗಿಯೇ ತುಸು ಮುಂದಕ್ಕೆ ಬಂತು. ಸಿಕ್ಕಿತು ಅನ್ನಿಸಿದ್ದೇ ತಡ, ಮೇಜಿಗೆ ಓಡಿ ಪೆನ್ಸಿಲು ಹಿಡಿದು ಒಂದರ ಹಿಂದೊಂದು ಹಾಳೆ ಗೀಚತೊಡಗಿದಳು.

ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಪಾತ್ರಗಳನ್ನು ನಡೆಸುವುದು. ಮುಖ ಬಿಡಿಸುವವರು, ಗಿಡಮರ ಬಿಡಿಸುವವರು ಬೇರೆ ಇದ್ದರು. ಆದರೆ ಪಾತ್ರ ಎದ್ದು ನಾಲ್ಕು ಹೆಜ್ಜೆ ಹಾಕಬೇಕೆಂದರೆ ಹಾಳೆ ನೀಲಕ್ಕನ ಮೇಜಿಗೆ ಬರಬೇಕು. ರವಿವಾರ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮಂದಿಯ ಕಾಲು ನೋಡುವುದು ಅವಳ ರೂಢಿ. ಗಂಟು ಹೊತ್ತವರು, ಬಸ್ಸು ತಪ್ಪಿದವರು, ತವರಿನಿಂದ ಹೊರಟವರು, ಒಬ್ಬೊಬ್ಬರದು ಒಂದೊಂದು ಹೆಜ್ಜೆ. ಹೊಸದಾಗಿ ಸೇರಿದವರು, “ನೀಲಕ್ಕಾ, ನಿಮಗ ಇವೆಲ್ಲಾ ಎಲ್ಲಿಂದ ಹೊಳೀತಾವ?” ಎಂದು ಕೇಳಿದರೆ, “ಕಾಲಿಂದ” ಎಂದು ನಗುತ್ತಿದ್ದಳು. ಅವರು ಅದನ್ನು ಚೇಷ್ಟೆ ಎಂದುಕೊಳ್ಳುತ್ತಿದ್ದರು. ಅವಳು ನಿಜವನ್ನೇ ಹೇಳುತ್ತಿದ್ದಳು.

ಆ ವರ್ಷ ಸ್ಟುಡಿಯೋದಲ್ಲಿ ಒಂದು ದೊಡ್ಡ ಚಿತ್ರ ನಡೆದಿತ್ತು. ಕೊಯ್ಲು ಮುಗಿದ ಗದ್ದೆಗಳಲ್ಲಿ ಬಾತುಕೋಳಿ ಮೇಯಿಸುತ್ತ ಊರೂರು ಅಲೆಯುವ ಕುಟುಂಬವೊಂದರ ಹುಡುಗಿಯ ಕಥೆ. ಕೊನೆಯಲ್ಲಿ, ತಂದೆ ತೀರಿಕೊಂಡ ಮೇಲೆ, ಹುಡುಗಿ ಒಬ್ಬಳೇ ಹಿಂಡನ್ನು ಮುಂದೆ ಬಿಟ್ಟುಕೊಂಡು ಬದುವಿನ ಮೇಲೆ ನಮಗೆ ಬೆನ್ನು ಹಾಕಿ ನಡೆದುಹೋಗಬೇಕು. ಮಾತಿಲ್ಲ, ಹಾಡಿಲ್ಲ. ಇಡೀ ಚಿತ್ರ ಆ ನಡಿಗೆಯ ಮೇಲೆ ನಿಂತಿತ್ತು, ಆ ನಡಿಗೆಯೇ ಬಂದಿರಲಿಲ್ಲ. ನೀಲಾಂಬಿಕಾ ಹನ್ನೊಂದು ಸಲ ಬರೆದು ಹನ್ನೊಂದು ಸಲವೂ ತಾನೇ ಹರಿದು ಹಾಕಿದ್ದಳು. ಸಣ್ಣ ಹುಡುಗಿಯ ನಡಿಗೆ ಎಂದರೆ ಅವಳ ಕಾಲು ಒಂದೇ ಕಡೆ ಹೋಗುತ್ತಿತ್ತು. ಒಂಬತ್ತು ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡ ಮಗಳು ಕುಮುದಿನಿಯ, ಮನೆಯವರ ಕುಮ್ಮಿಯ, ಕಡೆಗೆ. ಅಲ್ಲಿಗೆ ಹೋಗಲು ಅವಳು ಕಾಲನ್ನು ಬಿಡುತ್ತಿರಲಿಲ್ಲ.

ನಿರ್ದೇಶಕ ವಾದಿರಾಜ ಕಟ್ಟಿಯವರು ಯಂತ್ರ ತರಿಸಿದ್ದು ಇಂಥ ಗಂಟುಗಳನ್ನು ಬಿಡಿಸಲೆಂದೇ.

ಯಂತ್ರದ ಜೊತೆ ಕಂಪನಿಯ ಕಡೆಯಿಂದ ಡಾ. ರೆಹಾನಾ ಸವಣೂರ ಎಂಬ ನರವಿಜ್ಞಾನಿ ಬಂದಿದ್ದರು. ನಲವತ್ತರ ಆಸುಪಾಸಿನ, ತಾಳ್ಮೆಯ ದನಿಯ ಹೆಂಗಸು. ಹೆಲ್ಮೆಟ್ಟಿಗಿಂತ ತುಸು ದೊಡ್ಡದಾದ ಟೋಪಿಯೊಂದನ್ನು ಎತ್ತಿ ತೋರಿಸಿದರು.

“ನಾವು ಕಣ್ಣು ಮುಚ್ಚಿ ಏನರ ನೆನಸ್ಕೊಂಡಾಗ, ತಲಿ ಹಿಂದ ನೋಡೂ ಕೆಲಸ ಮಾಡೂ ಜಾಗ ಐತಲ್ರೀ, ಅದು ಮತ್ತೊಮ್ಮೆ ಮಿಣುಕ್ತೈತಿ. ಖರೇನ ನೋಡಿದಷ್ಟು ಜೋರಿಲ್ಲ, ಸಣ್ಣಗ. ಈ ಟೋಪಿ ಆ ಮಿಣುಕು ಹಿಡೀತೈತಿ. ಕೋಟಿಗಟ್ಲೆ ಚಿತ್ರ ನೋಡಿ ಕಲ್ತ ಯಂತ್ರ ಅದನ್ನ ಪರದೆ ಮ್ಯಾಲ ಬಿಡಸ್ತೈತಿ.”

“ಪೂರಾ ಹಿಡೀತದೇನ್ರೀ?” ಕಟ್ಟಿ ಕೇಳಿದರು.

“ಪೂರಾ ಇಲ್ಲ ಸರ್. ಬಿಟ್ಟಲ್ಲೆ ತಾನ ತುಂಬ್ಕೋತೈತಿ.”

ಆ ಕೊನೆಯ ಮಾತನ್ನು ಅವತ್ತು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕಟ್ಟಿಯವರು ಟೋಪಿ ತೊಟ್ಟು ಕಣ್ಣು ಮುಚ್ಚಿದರು. ಪರದೆಯ ಮೇಲೆ ಮೊದಲು ಮಂಜು, ಆಮೇಲೆ ಹಳದಿ ಕೂಳೆಯ ಗದ್ದೆ, ನೀರಿನಲ್ಲಿ ಮುರಿದು ಹೊಳೆಯುವ ಆಕಾಶ, ಸಾಲುಗಟ್ಟಿದ ಬಾತುಕೋಳಿಗಳು. ಚಪ್ಪಾಳೆ ಬಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಕೂತು ನೋಡಿದರು. ಲೆಕ್ಕಪತ್ರ ನೋಡುವ ಗುಮಾಸ್ತರ ತಲೆಯಿಂದಲೂ ಹಸಿರು ಗಿಳಿಯೊಂದು ಹಾರಿತು.

ನೀಲಾಂಬಿಕಾಳ ಸರದಿ ಬಂದಾಗ ಪರದೆ ಬೂದು ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿತು.

“ಏನರ ಸರಳ ಇದ್ದದ್ದು ನೆನಸ್ಕೋರ್ರಿ,” ಎಂದರು ರೆಹಾನಾ. “ಒಂದು ಮಾವಿನಹಣ್ಣು.”

ಬೂದು.

“ನಿಮ್ಮ ಮನಿ ಬಾಗಲ.”

ಬೂದು.

“ನಿಮ್ಮವರು ಯಾರರ... ಮಕ್ಕಳ ಮುಖ?”

ನೀಲಾಂಬಿಕಾ ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಕುಮ್ಮಿಯ ಬಗ್ಗೆ ಅವಳಿಗೆ ಎಲ್ಲ ಗೊತ್ತಿತ್ತು. ಬಲಹುಬ್ಬಿನ ನಡುವೆ ಕೂದಲಿಲ್ಲದ ಸಣ್ಣ ಗೆರೆ, ಮಡಚಿಕೊಂಡ ಕಿವಿಯ ತುದಿ, ನಕ್ಕರೆ ಮೇಲಕ್ಕೆ ಹೋಗುವ ಮೇಲ್ದುಟಿ. ಒಂದೊಂದನ್ನೂ ಹೇಳಬಲ್ಲಳು, ಬರೆಯಬಲ್ಲಳು. ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಯಾರೋ ಹಿಂದೆ ಕೆಮ್ಮಿದರು.

ಎಲ್ಲರೂ ಊಟಕ್ಕೆ ಹೋದ ಮೇಲೆ ರೆಹಾನಾ ಅವಳ ಪಕ್ಕ ಕುರ್ಚಿ ಎಳೆದುಕೊಂಡರು. “ಇದು ರೋಗ ಅಲ್ರೀ. ನೂರು ಮಂದ್ಯಾಗ ಎರಡು ಮೂರು ಮಂದಿ ಹಿಂಗ ಇರ್ತಾರ. ಕಣ್ಣು ಮುಚ್ಚಿದ್ರ ಚಿತ್ರ ಬರೂದಿಲ್ಲ. ನಿಮಗ ಮೊದಲ ಗೊತ್ತಿರಲಿಲ್ಲೇನು?”

“ಉಳಿದವರಿಗೆ ಬರತೈತೇನ್ರೀ?” ನೀಲಾಂಬಿಕಾ ಕೇಳಿದಳು. “ಖರೇನ? ಕಣ್ಣಿಗೆ ಕಟ್ಟಿಧಂಗ ಅಂತಾರಲ್ಲ, ನಾ ಅದನ್ನ ಬರೇ ಮಾತಿನ ಮಾತು ಅನ್ಕೊಂಡಿದ್ದೆ.”

ಅವಳಿಗೆ ಐವತ್ತನಾಲ್ಕು ವರ್ಷ. ಇಷ್ಟು ವರ್ಷ ಮಂದಿ ತನ್ನೆದುರು ಏನೇನು ಹೇಳಿದ್ದರೋ ಅದನ್ನೆಲ್ಲ ಮತ್ತೆ ಮೊದಲಿನಿಂದ ಕೇಳಿಸಿಕೊಳ್ಳಬೇಕಿತ್ತು.

* * *

ಗದಗ ರೋಡಿನ ಎರಡು ಕೋಣೆಯ ಮನೆಯಲ್ಲಿ ಗಂಡ ಚನ್ನವೀರ ಚಹಾಕ್ಕೆ ಕಾಯುತ್ತಿದ್ದ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು, ನಿವೃತ್ತಿಯಾಗಿ ಒಂದು ವರ್ಷ. ಯಾವ ವಸ್ತುವೂ ಮನೆಯಲ್ಲಿ ಸೊಟ್ಟಗಿರುವುದನ್ನು ಸಹಿಸದ ಮನುಷ್ಯ. ನೀಲಾಂಬಿಕಾ ನಡೆದದ್ದನ್ನೆಲ್ಲ ಹೇಳಿದಳು. ಅವನು ಚಹಾದ ಬಸಿಯನ್ನು ಕೆಳಗಿಟ್ಟ.

“ಹಂಗಂದ್ರ ನಿನಗ ಕುಮ್ಮಿ ಕಾಣೂದಿಲ್ಲೇನು?”

“ಅಕಿದು ಎಲ್ಲಾ ಗೊತ್ತೈತ್ರೀ ನನಗ.”

“ಗೊತ್ತಿರೂದಲ್ಲ. ಕಾಣ್ತಾಳೋ ಇಲ್ಲೋ? ಹನ್ನೊಂದು ವರ್ಷದಾಗ ಒಮ್ಮೆರ?”

“ಇಲ್ಲ.”

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಏನೋ ಲೆಕ್ಕ ಕೂಡಿ ಬಂದವನ ಹಾಗಿದ್ದ. “ಅದಕ್ಕ ನೀ ಅಳಲಿಲ್ಲ,” ಎಂದ.

ಮಣ್ಣು ಕೊಟ್ಟು ಬಂದ ದಿನ ಅವಳು ಅತ್ತಿರಲಿಲ್ಲ ನಿಜ. ಮಗಳ ಸಾಲಿ ಸಮವಸ್ತ್ರ ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿದ್ದಳು. ಬಂಧುಗಳು ಅದನ್ನು ನೋಡಿ ಏನೇನೋ ಅಂದಿದ್ದರು. ಗಂಡ ಒಂದು ಮಾತೂ ಆಡಿರಲಿಲ್ಲ. ಆ ಮಾತು ಇಷ್ಟು ವರ್ಷ ಒಳಗೇ ಇದ್ದು ಈಗ ಹೊರಬಂತು.  ಒಲೆಯ ಮೇಲೆ ಹಾಲು ಉಕ್ಕಿತೆಂದು ಎದ್ದು ಹೋದಳು.

* * *

ಸ್ಟುಡಿಯೋ ಬದಲಾಗಲು ಮೂರು ತಿಂಗಳು ಸಾಕಾಯಿತು. ಯಾರ ಪರದೆ ಚೆನ್ನಾಗಿ ಬೆಳಗುತ್ತಿತ್ತೋ ಅವರು ಒಳಕೋಣೆಗೆ ಹೋದರು. ಉಳಿದವರಿಗೆ ಯಂತ್ರ ಬಿಡಿಸಿದ ಚಿತ್ರಗಳ ಅಂಚು ತಿದ್ದುವ ಕೆಲಸ ಬಂತು, ನೀಲಾಂಬಿಕಾಳಿಗೂ ಅದೇ. ಕಟ್ಟಿಯವರು ಕರೆದು ಹೇಳುವಾಗ ಅವಳ ಮುಖ ನೋಡಲಿಲ್ಲ. “ಯಾರ ತಪ್ಪೂ ಅಲ್ಲ ನೀಲಾಬಾಯಿ. ಕಾಲ ಹಂಗ ಅದ.” ಕಾರಿಡಾರಿನಲ್ಲಿ ಈಗ ಯಾರೂ ನಡೆಯುತ್ತಿರಲಿಲ್ಲ.

ಅದೇ ಹೊತ್ತಿಗೆ ಕಂಪನಿ ಇನ್ನೊಂದು ಪ್ರಯೋಗಕ್ಕೆ ಕೈ ಹಾಕಿತು. ತೀರಿಕೊಂಡವರನ್ನು ನೆನೆಸಿಕೊಂಡು ಪರದೆಯ ಮೇಲೆ ನೋಡಬಯಸುವವರಿಗಾಗಿ ಸ್ಟುಡಿಯೋದ ಕೆಳಮಹಡಿಯಲ್ಲಿ ಒಂದು ಕೋಣೆ ತೆರೆದರು. ಬಾಗಿಲಿಗೆ ‘ನೆನಪಿನ ಕೋಣೆ’ ಎಂದು ಫಲಕ ಹಾಕಿದರು. ಮೊದಲ ತಂಡಕ್ಕೆ ನಲವತ್ತು ಮಂದಿ ಬೇಕಿತ್ತು. ಸುದ್ದಿ ಹೇಗೋ ಚನ್ನವೀರನ ಕಿವಿಗೆ ಬಿತ್ತು.

“ನನ್ನ ಹೆಸರು ಕೊಡು,” ಎಂದ. ಮದುವೆಯಾದಾಗಿನಿಂದ ಅವನು ಅವಳ ಬಳಿ ಏನನ್ನೂ ಕೇಳಿರಲಿಲ್ಲ. ಅವಳು ರೆಹಾನಾಗೆ ಹೇಳಿ ಹೆಸರು ಸೇರಿಸಿದಳು.

ಮೊದಲ ದಿನ ಅವಳೂ ಗಾಜಿನ ಆಚೆ ಕೂತಿದ್ದಳು. ಚನ್ನವೀರ ಟೋಪಿ ತೊಟ್ಟು, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ. ಪರದೆಯಲ್ಲಿ ಹೊಸ್ತಿಲು ಕಂಡಿತು, ಹೊಸ್ತಿಲ ಮೇಲೆ ಬಾಚಣಿಗೆ ಹಿಡಿದು ಕೂತ ಹುಡುಗಿ. ಹುಡುಗಿ ತಿರುಗಿ ನೋಡಿ ನಕ್ಕಳು. ಮುಂದಿನ ಒಂದು ಹಲ್ಲು ಇರಲಿಲ್ಲ. ಎದ್ದು ಎರಡು ಹೆಜ್ಜೆ ಒಳಗೆ ಬಂದಳು, ಎಡಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ, ಸೊಂಟವನ್ನು ಅತ್ತ ಸ್ವಲ್ಪ ಎಸೆದು. ಹುಟ್ಟುವಾಗಲೇ ಕುಮ್ಮಿಯ ಎಡಪಾದ ಒಳಕ್ಕೆ ತಿರುಗಿತ್ತು. ಪ್ಲಾಸ್ಟರು ಹಾಕಿಸಿ ಸರಿಪಡಿಸಿದರೂ ಅಷ್ಟು ಉಳಿದಿತ್ತು. ಕುರ್ಚಿಯ ಕೆಳಗೆ ನೀಲಾಂಬಿಕಾಳ ಎಡಪಾದ ತಾನಾಗಿ ಹೊರಳಿತು.

ಹನ್ನೊಂದು ವರ್ಷ ಇವರ ಕಣ್ಣ ಮುಂದೆ ಇದು ಇತ್ತೇ ಎಂದು ಅವಳು ಬೆರಗಾದಳು. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ಕೋಣೆಯಿಂದ ಹೊರಬಂದ ಚನ್ನವೀರನ ಮುಖ ತೊಳೆದಿಟ್ಟ ಹಾಗಿತ್ತು. ಆಟೋದಲ್ಲಿ ಕೂತಾಗ ಅವಳ ಕೈ ಹಿಡಿದುಕೊಂಡ.

ವಾರಕ್ಕೊಮ್ಮೆ ಹೋಗುತ್ತಿದ್ದವನು ವಾರಕ್ಕೆ ಮೂರು ಸಲ ಹೋಗತೊಡಗಿದ. ಮಳೆಗಾಲ ಮುಗಿಯುವ ಹೊತ್ತಿಗೆ ದಿನಾ. ಸಂಜೆ ನಾಲ್ಕಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದ, ಆರಕ್ಕೆ ಬರುತ್ತಿದ್ದ. ಊಟಕ್ಕೆ ಕೂತಾಗ ಆ ದಿನ ಕುಮ್ಮಿ ಏನು ಮಾಡಿದಳೆಂದು ಹೇಳುತ್ತಿದ್ದ, ಸಾಲಿಯಿಂದ ಬಂದವಳ ಸುದ್ದಿ ಹೇಳುವ ಹಾಗೆ. ಮನೆಯಲ್ಲಿ ಮಾತು ಹೆಚ್ಚಾಯಿತು. ಅದರಲ್ಲಿ ತನ್ನ ಪಾಲಿಲ್ಲ ಎಂದು ಗೊತ್ತಿದ್ದೂ ನೀಲಾಂಬಿಕಾ ಕೇಳಿಸಿಕೊಳ್ಳುತ್ತಿದ್ದಳು.

ಅಕ್ಟೋಬರಿನ ಒಂದು ಸಂಜೆ, ಅಂಚು ತಿದ್ದುವ ಕೆಲಸ ಬೇಗ ಮುಗಿದು ಕೆಳಗಿಳಿದು ಬಂದಳು. ಗಾಜಿನ ಆಚೆ ಪರದೆಯಲ್ಲಿ ಒಬ್ಬ ಹುಡುಗಿ ಅಂಗಳದಲ್ಲಿ ಓಡುತ್ತಿದ್ದಳು. ಅವಳ ಹುಬ್ಬು ಎರಡೂ ಕಮಾನಿನ ಹಾಗೆ ತುಂಬಿದ್ದವು. ಹಲ್ಲು ಸಾಲಾಗಿದ್ದವು. ಹುಡುಗಿ ಅಂಗಳದ ತುದಿ ಮುಟ್ಟಿ, ತಿರುಗಿ, ನೆಟ್ಟಗೆ ನಡೆದು ಬಂದಳು. ಎರಡೂ ಪಾದ ಪಟ್ಟಿ ಹಿಡಿದು ಎಳೆದ ಗೆರೆಯ ಹಾಗೆ.

ಯಾರ ಮಗಳಿವಳು ಎಂದುಕೊಂಡು ನೀಲಾಂಬಿಕಾ ಕುರ್ಚಿಯಲ್ಲಿ ಕೂತವರನ್ನು ನೋಡಿದಳು. ಚನ್ನವೀರನೇ ಕೂತಿದ್ದ.

* * *

ಮರುದಿನ ಮುಂಜಾನೆ ಹಳೆಯ ಫೋನು ಹೊರತೆಗೆದಳು. ಅದರಲ್ಲಿ ಕುಮ್ಮಿಯ ವಿಡಿಯೋ ಹದಿನಾಲ್ಕಿದ್ದವು. ಹುಟ್ಟುಹಬ್ಬ, ಪದ್ಯ ಹೇಳಿದ್ದು, ಕುಣಿದದ್ದು. ನಡೆದದ್ದು ಒಂದೇ ಒಂದರಲ್ಲಿ, ಏಳು ಸೆಕೆಂಡು, ಬೆನ್ನ ಹಿಂದಿನಿಂದ. ಅದನ್ನು ಗಂಡನ ಮುಂದೆ ಹಿಡಿದಳು.

“ನೋಡ್ರಿ, ಕಾಲು ನೋಡ್ರಿ ಅಕಿದು.”

ಅವನು ನೋಡಿದ. “ಅವತ್ತು ಚಪ್ಪಲಿ ಕಚ್ಚಿತ್ತು ಅಕಿಗೆ.”

“ಚಪ್ಪಲಿ ಅಲ್ರೀ. ಹುಟ್ಟಿದಾಗಿಂದ ಇತ್ತಲ್ಲ, ಮರ್ತ್ರೇನು? ಪ್ಲಾಸ್ಟರ್ ಹಾಕ್ಸಾಕ ನೀವ ಎತ್ಗೊಂಡು ಹೋಗಿದ್ರಿ.”

“ಅದು ಆರಾಮ ಆತು. ಎರಡು ವರ್ಷದಾಕಿ ಇದ್ದಾಗ ಆರಾಮ ಆತು.”

ಅವಳು ಗೋಡೆಯ ಫೋಟೋ ತೋರಿಸಿದಳು. ಹುಬ್ಬಿನ ಗೆರೆ ಅಲ್ಲಿ ಸ್ಪಷ್ಟವಾಗಿತ್ತು. ಚನ್ನವೀರ ಎದ್ದು ಹತ್ತಿರ ಹೋಗಿ ನೋಡಿ, ತಲೆಯಾಡಿಸಿದ. “ಫೋಟೋದಾಗ ಸರಿ ಬಂದಿಲ್ಲ ಅಕಿ.”

“ರೀ...”

“ನೀ ಹೇಳಬ್ಯಾಡ ನೀಲಾ,” ಅವನ ದನಿ ಮೆತ್ತಗಿತ್ತು, ಅದಕ್ಕೇ ಹೆಚ್ಚು ನೋವಾಯಿತು. “ನಿನಗ ಅಕಿ ಕಾಣೂದ ಇಲ್ಲ. ನಾ ದಿನಾ ನೋಡ್ತೀನಿ.”

* * *

ರೆಹಾನಾ ಪರದೆಯನ್ನು ಎರಡು ಭಾಗ ಮಾಡಿದರು. ಎಡಕ್ಕೆ ಚನ್ನವೀರನ ಮೊದಲ ದಿನದ ಚಿತ್ರ, ಬಲಕ್ಕೆ ತೊಂಬತ್ತಾರನೆಯ ದಿನದ್ದು. ಅಕ್ಕಪಕ್ಕ ಇಟ್ಟಾಗ ಅವರು ಅಕ್ಕತಂಗಿಯರ ಹಾಗೂ ಕಾಣಲಿಲ್ಲ.

“ನೆನಪು ಅಂದ್ರ ಪೆಟ್ಟಿಗ್ಯಾಗ ಇಟ್ಟ ಫೋಟೋ ಅಲ್ರೀ ನೀಲಕ್ಕ,” ಎಂದರು. “ಪ್ರತಿ ಸಲ ನೆನಸ್ಕೊಂಡಾಗ ಹೊಸದಾಗಿ ಕಟ್ತೀವಿ, ಕಟ್ಟಿದ್ದನ್ನ ಮತ್ತ ಒಳಗ ಇಡ್ತೀವಿ. ಅದರಾಗ ಖಾಲಿ ಜಾಗ ಇದ್ದ ಇರ್ತಾವ. ಅವನ್ನ ಯಂತ್ರ ತುಂಬ್ತೈತಿ. ಎಲ್ಲಿಂದ? ತಾ ನೋಡಿದ ಲಕ್ಷ ಹುಡುಗ್ಯಾರ ಮುಖದಿಂದ. ನಿಮ್ಮವರು ಅದನ್ನ ಪರದೆ ಮ್ಯಾಲ ನೋಡ್ತಾರ, ನೋಡಿದ್ದು ಒಳಗ ಹೋಗ್ತೈತಿ. ನಾಳೆ ನೆನಸ್ಕೊಂಡಾಗ ಅದ ಬರತೈತಿ. ಇನ್ನೊಂದಿಷ್ಟು ಯಂತ್ರ ತುಂಬ್ತೈತಿ. ದಿನಾ ಕೂದಲೆಳೆಯಷ್ಟು. ಅವರಿಗೆ ಗೊತ್ತಾಗೂದಿಲ್ಲ.”

“ಕಾಲು ಯಾಕ ನೆಟ್ಟಗಾತು? ಲಕ್ಷ ಹುಡುಗ್ಯಾರದು ನೆಟ್ಟಗಿರ್ತೈತಿ ಅಂತಲೇನು?”

“ಅದೂ ಹೌದು.” ರೆಹಾನಾ ಬಲಗಡೆಯ ಹುಡುಗಿಯ ಪಾದಕ್ಕೆ ಬೆರಳು ತೋರಿಸಿದರು. “ಇನ್ನೊಂದು, ಬಯಕಿ. ಮನಸ್ಸು ಯಾವ ಕಡೆ ವಾಲಬೇಕು ಅಂತೈತೋ ಚಿತ್ರ ಆ ಕಡೆ ಜಲ್ದಿ ವಾಲ್ತೈತಿ.”

ಆ ಬಯಕೆ ಯಾವುದೆಂದು ನೀಲಾಂಬಿಕಾಳಿಗೆ ಗೊತ್ತಿತ್ತು. ಕುಮ್ಮಿ ಮನೆಯೊಳಗೆ ಕಾಲಿಟ್ಟಾಗಲೆಲ್ಲ ಚನ್ನವೀರ ಹೇಳುತ್ತಿದ್ದ ಮಾತು ಒಂದೇ ಆಗಿತ್ತು: ‘ನೆಟ್ಟಗ ನಡಿ.’ ನಾಲ್ಕು ಮಂದಿಯ ಎದುರು ಮಗಳು ಕುಂಟಿ ಅನ್ನಿಸಿಕೊಳ್ಳಬಾರದೆಂಬ ಹಟ ಅವನಿಗೆ. ಪ್ರೀತಿಯ ಹಟವೇ.

“ಮೊದಲ ದಿನದ್ದು ಅವರಿಗೆ ತೋರಿಸಿದ್ರ?”

“ನಿನ್ನೆ ತೋರ್ಸಿದೆ. ‘ಅವಾಗ ನಿಮ್ಮ ಯಂತ್ರ ಇನ್ನೂ ಕಲ್ತಿರಲಿಲ್ಲ’ ಅಂದ್ರು.” ರೆಹಾನಾ ಇನ್ನಷ್ಟು ಚಿತ್ರಗಳನ್ನು ತೆರೆದರು. ಯಾರದೋ ತಾಯಿ, ಯಾರದೋ ಅಣ್ಣ, ಯಾರದೋ ಹೆಂಡತಿ. ಎಲ್ಲರ ಚರ್ಮ ನುಣುಪಾಗಿತ್ತು, ಎಲ್ಲರ ನಗು ಒಂದೇ ಅಗಲಕ್ಕಿತ್ತು. “ನಲವತ್ತು ಮಂದಿ ತೀರಿಕೊಂಡವರು ಒಂದ ಮನಿಯವರಂಗ ಕಾಣಾಕತ್ತಾರ. ನಾನೂ ನಮ್ಮ ಅಬ್ಬಾನ್ನ ನೋಡಿದ್ನಿ, ಐವತ್ತು ಸಲ. ಈಗ ಅವರ ಮೂಗು ಹೆಂಗಿತ್ತು ಅಂದ್ರ ಹೇಳಾಕ ಬರವಲ್ದು ನನಗ.”

“ಹೋದದ್ದು ಮತ್ತ ಬರತೈತೇನ್ರೀ?”

“ಇಲ್ಲ,” ಎಂದರು ರೆಹಾನಾ. ಆಮೇಲೆ, “ಇನ್ನೂ ಕೆಟ್ಟು ಹೋಗೂದನ್ನ ತಡೀಬಹುದು. ಅವರು ಇಲ್ಲಿ ಬರೂದು ಬಿಟ್ರ. ಆದ್ರ ಬಿಡಾಕ ಅವರ ಮನಸ್ಸಿಗೆ ಬರಬೇಕಲ್ರೀ.”

ರೆಹಾನಾ ಕಂಪನಿಗೆ ಬರೆದರು. ಬಾಗಿಲಿಗೊಂದು ಎಚ್ಚರಿಕೆಯ ಫಲಕ ಹಾಕಿದರೆ ಸಾಕೆಂದು ಉತ್ತರ ಬಂತು. ಫಲಕ ಹಾಕಿದರು. ಅದನ್ನು ಓದಿ ಒಬ್ಬರೂ ತಿರುಗಿ ಹೋಗಲಿಲ್ಲ.

* * *

ಆ ವಾರದ ಶುಕ್ರವಾರ ನೀಲಾಂಬಿಕಾ ರಜೆ ಹಾಕಿ ಮನೆಯಲ್ಲಿದ್ದಳು. ಮೂರೂ ಮುಕ್ಕಾಲಾಗಿತ್ತು. ಚನ್ನವೀರ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಪಡಸಾಲೆಯಲ್ಲಿ ನಿಂತಿದ್ದ. ಅವಳು ಅವನನ್ನು ದಾಟಿ ಹೊರಗೆ ಹೋದಳು. ಗೇಟಿನವರೆಗೆ ಹೋಗಿ ನಿಂತಳು.

ಹನ್ನೊಂದು ವರ್ಷ ಕಾಲಿಗೆ ಹಾಕಿದ್ದ ಕಟ್ಟನ್ನು ಬಿಚ್ಚುವುದೆಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಯಾವ ಚಿತ್ರವೂ ಒಳಗೆ ಇರಲಿಲ್ಲ, ಮಾರ್ಗ ತೋರಿಸುವ ಬೆಳಕೂ ಇರಲಿಲ್ಲ. ಭಾರ ಮಾತ್ರ ಇತ್ತು. ಬೆನ್ನ ಮೇಲಿನ ಸಾಲಿ ಚೀಲದ ಭಾರ, ಅದನ್ನು ಹೊರಲು ಮುಂದೆ ಬಾಗಿದ ಸಣ್ಣ ಎದೆ, ಬಲಗಾಲು ಊರಿ, ಎಡಗಾಲನ್ನು ಹೊರಗಿನಿಂದ ಸುತ್ತಿಸಿ ತಂದು ಪಾದದ ಅಂಚಿನ ಮೇಲೆ ಇಳಿಸುವುದು, ಇಳಿದದ್ದೇ ಸೊಂಟ ಅತ್ತ ಜಾರುವುದು, ಜಾರಿದ್ದನ್ನು ಸರಿದೂಗಿಸಲು ಬಲಗೈ ಹಕ್ಕಿಯ ರೆಕ್ಕೆಯ ಹಾಗೆ ಪಕ್ಕಕ್ಕೆ ತೆರೆದುಕೊಳ್ಳುವುದು. ಒಂದು, ಎರಡು, ಮೂರು. ಐವತ್ತನಾಲ್ಕು ವರ್ಷದ ಮೈ ಮೊದಲು ಒಪ್ಪಲಿಲ್ಲ. ನಾಲ್ಕನೆಯ ಹೆಜ್ಜೆಗೆ ಒಪ್ಪಿತು.

ಅಂಗಳ ದಾಟಿ ಮೆಟ್ಟಿಲು ಹತ್ತಿದಳು. ಮೆಟ್ಟಿಲಲ್ಲಿ ಕುಮ್ಮಿ ಎಡಗಾಲನ್ನು ಮೊದಲು ಇಡುತ್ತಿರಲಿಲ್ಲ, ಬಲಗಾಲಿಟ್ಟು ಎಡಗಾಲನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ಹಾಗೇ ಹತ್ತಿದಳು.

“ಏನ್ ನಾಟಕ ಹಚ್ಚೀದಿ ಇದು?” ಚನ್ನವೀರ ಒಳಗಿನಿಂದ ಕೇಳಿದ.

ಅವಳು ನಿಲ್ಲಲಿಲ್ಲ. ಬಾಗಿಲ ಚೌಕಟ್ಟಿಗೆ ಬಲಗೈ ಊರಿ, ಒಂದು ಕ್ಷಣ ದಣಿವಾರಿಸಿಕೊಂಡು, ತಲೆ ತಗ್ಗಿಸಿ, ಹೊಸ್ತಿಲು ದಾಟಿ ಒಳಗೆ ಎರಡು ಹೆಜ್ಜೆ ಇಟ್ಟಳು.

“ಕುಮ್ಮೀ, ನೆಟ್ಟಗ ನ—”

ಮಾತು ಅವನ ಬಾಯಿಂದ ಅರ್ಧ ಹೊರಬಂದು ನಿಂತಿತು. ತಾನು ಹೇಳಿದ್ದು ತನಗೇ ಕೇಳಿಸಿತು ಅವನಿಗೆ. ಗುಂಡಿಯ ಮೇಲಿದ್ದ ಬೆರಳು ಅಲ್ಲೇ ಉಳಿಯಿತು. ನೀಲಾಂಬಿಕಾ ನಿಂತಳು, ಭಾರ ಬಲಗಾಲಿನ ಮೇಲೆಯೇ ಇತ್ತು.

ಚನ್ನವೀರ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತ.

“ಅವತ್ತು ಜ್ವರ ಇತ್ತು ಅಕಿಗೆ,” ಎಂದ. “ಸಾಲಿಂದ ಬಂದ್ಲಲ್ಲ, ಇಲ್ಲೇ, ಇದ ಬಾಗಲದಾಗ. ಕಾಲು ಎಳಕೋತ ಬಂದ್ಲು. ನನಗ ಜ್ವರ ಅಂತ ಗೊತ್ತಿರಲಿಲ್ಲ. ನೆಟ್ಟಗ ನಡಿಯಾಕ ಏನ್ ಧಾಡಿ ಅಂತ ಬೈದೆ. ಅಕಿ ನೆಟ್ಟಗ ನಡಿಯಾಕ ನೋಡಿದ್ಲು ನೀಲಾ. ಎರಡು ಹೆಜ್ಜಿ.”

ನೀಲಾಂಬಿಕಾಳಿಗೆ ಇದು ಗೊತ್ತಿರಲಿಲ್ಲ. ಅವತ್ತು ಅವಳು ಸ್ಟುಡಿಯೋದಲ್ಲಿದ್ದಳು, ಬರುವಷ್ಟರಲ್ಲಿ ಮಗಳು ಹಾಸಿಗೆ ಹಿಡಿದಿದ್ದಳು. ಆಮೇಲೆ ಕುಮ್ಮಿ ಆ ಮನೆಯಲ್ಲಿ ನಡೆಯಲೇ ಇಲ್ಲ.

ಅವಳು ಅವನ ಪಕ್ಕ ಕೂತಳು. ಅಳು ಆಗಲೂ ಬರಲಿಲ್ಲ. ಎರಡೂ ಕಾಲು ನಿಲ್ಲದೆ ನಡುಗುತ್ತಿದ್ದವು. ಚನ್ನವೀರ ಅದನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಅವಳ ಮೊಣಕಾಲಿನ ಮೇಲೆ ಕೈ ಇಟ್ಟ. ಹನ್ನೊಂದು ವರ್ಷ ತಡವಾಗಿ ಅವನಿಗೆ ಅವಳ ಅಳು ಎಲ್ಲಿದೆಯೆಂದು ತಿಳಿದಿರಬೇಕು. ನಾಲ್ಕು ಹೊಡೆಯಿತು, ನಾಲ್ಕೂವರೆ ಆಯಿತು. ಅವತ್ತು ಅವನು ಹೋಗಲಿಲ್ಲ.

* * *

ಮುಂದೆಂದೂ ಹೋಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮತ್ತೆರಡು ಸಲ ಹೋದ. ಆ ಹೆಜ್ಜೆಯನ್ನು ಪರದೆಗೆ ತರಬಹುದೇನೋ ಎಂಬ ಆಸೆ. ಎಷ್ಟು ಕಣ್ಣು ಮುಚ್ಚಿದರೂ ಅಲ್ಲಿ ಬರುವವಳು ನೆಟ್ಟಗೇ ನಡೆದು ಬಂದಳು. ಎರಡನೆಯ ಸಲ ಅವನೇ ಟೋಪಿ ತೆಗೆದು ರೆಹಾನಾರ ಕೈಗೆ ಕೊಟ್ಟ. “ಇಕಿ ಛಲೋ ಹುಡುಗಿ ಅದಾಳ್ರೀ ಮೇಡಂ. ಆದ್ರ ನಮ್ಮಾಕಿ ಅಲ್ಲ.”

ಅವನ ಮಾತನ್ನೇ ರೆಹಾನಾ ತಮ್ಮ ವರದಿಯ ಮೊದಲ ಸಾಲಾಗಿ ಬರೆದರು. ವರದಿಯನ್ನು ನಾಲ್ಕು ಕಡೆ ಮಂದಿ ಓದಿದರು, ಚರ್ಚೆಯಾಯಿತು. ಡಿಸೆಂಬರಿನಲ್ಲಿ ನೆನಪಿನ ಕೋಣೆ ಮುಚ್ಚಿತು. ಬೇರೆ ಊರಿನಲ್ಲಿ ಬೇರೆ ಹೆಸರಿನಲ್ಲಿ ಅದು ಮತ್ತೆ ತೆರೆಯಿತೆಂದು ಆಮೇಲೆ ಕೇಳಿಬಂತು. ರೆಹಾನಾ ಕಂಪನಿ ಬಿಟ್ಟು ಧಾರವಾಡಕ್ಕೆ ಪಾಠ ಹೇಳಲು ಹೋದರು.

ಮೇಲಿನ ಸ್ಟುಡಿಯೋದಲ್ಲಿ ಯಂತ್ರ ಉಳಿಯಿತು. ಆದರೆ ಕಟ್ಟಿಯವರಿಗೂ ಸಮಾಧಾನವಿರಲಿಲ್ಲ. ಆ ಕೊನೆಯ ದೃಶ್ಯಕ್ಕೆ ಒಳಕೋಣೆಯವರು ಮೂವತ್ತು ನಮೂನೆ ತೆಗೆದಿದ್ದರು. “ಎಲ್ಲಾ ಛಂದ ಅವ,” ಎಂದು ಒಂದು ಮಧ್ಯಾಹ್ನ ಅವರು ನೀಲಾಂಬಿಕಾಳ ಮೇಜಿನ ಬಳಿ ಬಂದು ನಿಂತರು, “ಆದ್ರ ಒಂದೂ ನಮ್ಮ ಹುಡುಗೀದು ಅನಸವಲ್ದು. ಎಲ್ಲೋ ನೋಡೀನಿ, ಎಲ್ಲೋ ನೋಡೀನಿ ಅನ್ನಿಸ್ತದ.”

ನೀಲಾಂಬಿಕಾ ಅಂದು ಮನೆಗೆ ಹೋಗಿ ಗಂಡನನ್ನು ಕೇಳಿದಳು. ಕೊಡಬಹುದೋ ಬಾರದೋ ಅವಳಿಗೇ ತಿಳಿದಿರಲಿಲ್ಲ. ತಮ್ಮ ಮನೆಯದನ್ನು ಊರಿನ ಪರದೆಗೆ ಹಾಕಿದಂತೆ ಅಲ್ಲವೇ? ಚನ್ನವೀರ ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ ಉತ್ತರ ಕೊಟ್ಟ. “ಕೊಡು. ಅದನ್ನ ಯಾರೂ ನೆಟ್ಟಗ ಮಾಡಬ್ಯಾಡ್ರಿ ಅಂತ ಹೇಳು.”

ಮೂರು ದಿನ ಅವಳು ಕಾರಿಡಾರಿನಲ್ಲಿ ನಡೆದಳು, ಕೂತಳು, ಬರೆದಳು. ಹಾಳೆಗಳನ್ನು ಒಂದರ ಮೇಲೊಂದು ಓಡಿಸಿದಾಗ, ಬಣ್ಣವಿಲ್ಲದ, ಮುಖವಿಲ್ಲದ, ಪೆನ್ಸಿಲಿನ ನಾಲ್ಕು ಗೆರೆಯ ಹುಡುಗಿ ಬದುವಿನ ಮೇಲೆ ಬೆನ್ನು ಹಾಕಿ ಹೊರಟಳು. ಎಡಪಾದ ಅಂಚಿಗೆ ಇಳಿದಾಗ ಬಲಗೈ ಪಕ್ಕಕ್ಕೆ ತೆರೆಯಿತು. ಬಿದ್ದಾಳೇನೋ ಅನ್ನಿಸುವಾಗ ಬೀಳಲಿಲ್ಲ. ದೂರ ಹೋದಷ್ಟೂ ಆ ಕೈಯೊಂದೇ ಕಾಣುತ್ತಿತ್ತು. ಒಳಕೋಣೆಯವರೆಲ್ಲ ಹೊರಗೆ ಬಂದು ನಿಂತರು. ಕಟ್ಟಿಯವರು ಮೂರು ಸಲ ಹಾಕಿಸಿ ನೋಡಿ ಕನ್ನಡಕ ತೆಗೆದರು.

“ಇದನ್ನ ಎಲ್ಲೆ ನೋಡಿದ್ರಿ ನೀಲಾಬಾಯಿ?”

“ನೋಡಿಲ್ರೀ ಸರ್,” ಎಂದಳು ಅವಳು.

* * *

ಚನ್ನವೀರನಿಗೆ ಹಳೆಯ ಮುಖ ಮರಳಿ ಬರಲಿಲ್ಲ. ಕಣ್ಣು ಮುಚ್ಚಿದರೆ ತುಂಬುಹುಬ್ಬಿನ ಆ ಬೇರೆ ಹುಡುಗಿಯೇ ಬರುತ್ತಿದ್ದಳು. ಅವಳನ್ನು ಹೊರಗೆ ಹಾಕುವ ದಾರಿ ಅವನಿಗ್ಯಾರೂ ಹೇಳಿಕೊಡಲಿಲ್ಲ. ಕೆಲವು ದಿನ ಅವನು ಕಣ್ಣು ಮುಚ್ಚಲೇ ಹೆದರುತ್ತಿದ್ದ. ಫೋಟೋದ ಮುಂದೆ ನಿಂತು, ಇದು ನಿಜ, ಇದು ನಿಜ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡರೂ ಅದು ಅವನಿಗೆ ಹೊರಗಿನವರ ಫೋಟೋದ ಹಾಗೇ ಇತ್ತು.

ಫೆಬ್ರುವರಿಯ ಒಂದು ರವಿವಾರ ಮುಂಜಾನೆ ನೀಲಾಂಬಿಕಾ ಬಸ್ ಸ್ಟ್ಯಾಂಡಿಗೆ ಹೊರಟಿದ್ದಳು. ಅವನು ಬಾಗಿಲಲ್ಲಿ ಅಡ್ಡ ನಿಂತಿದ್ದ.

“ನನಗೂ ಕಲಸು,” ಎಂದ.

“ಏನನ್ನ?”

“ಅಕಿ ಹೆಂಗ ನಡೀತಿದ್ಲು, ಅದನ್ನ.”

ಅವಳು ಚೀಲ ಕೆಳಗಿಟ್ಟಳು. ಅರವತ್ತು ದಾಟಿದ, ಜನ್ಮವಿಡೀ ಎದೆಯುಬ್ಬಿಸಿ ನಡೆದ ಮನುಷ್ಯನನ್ನು ಪಡಸಾಲೆಯ ನಡುವೆ ನಿಲ್ಲಿಸಿದಳು.

“ಮೊದ್ಲ ಭುಜ ಬಿಡ್ರಿ. ಭಾರ ಬಲಗಾಲ ಮ್ಯಾಲ ಇರ್ಲಿ. ಎಡಗಾಲು ಎತ್ತಬ್ಯಾಡ್ರಿ, ಹೊರಗಿಂದ ಸುತ್ತಿಸಿ ತರ್ರಿ. ಅಂಚಿನ ಮ್ಯಾಲ ಇಳಸ್ರಿ. ಅಂಚು, ಅಂಚು.”

ಅವನು ಹೆಜ್ಜೆ ಹಾಕಿದ. ಕುಂಟಿದಂತಾಯಿತು, ಅಷ್ಟೆ. “ಅಲ್ಲ,” ಎಂದಳು. ಮತ್ತೆ ಹಾಕಿದ. “ಸೊಂಟ ನೀವು ತಳ್ಳಬಾರ್ದು, ತಾನ ಹೋಗ್ಬೇಕು.” ಅವಳು ಪಕ್ಕದಲ್ಲಿ ನಿಂತು ಅವನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ಜೊತೆಗೆ ನಡೆದಳು. ಗೋಡೆಯವರೆಗೆ ಹೋಗಿ ತಿರುಗಿದರು. ಅವನ ಹಣೆಯಲ್ಲಿ ಬೆವರು ಮೂಡಿತು. ಎಂಟನೆಯ ಸಲವೋ ಒಂಬತ್ತನೆಯ ಸಲವೋ, ಪಾದ ಅಂಚಿಗೆ ಇಳಿದಾಗ, ಅವಳು ಹೇಳದೆಯೇ ಅವನ ಬಲಗೈ ಪಕ್ಕಕ್ಕೆ ತೆರೆದುಕೊಂಡಿತು.

ಚನ್ನವೀರ ಅಲ್ಲೇ ನಿಂತುಬಿಟ್ಟ. ತನ್ನ ಕೈಯನ್ನೇ ನೋಡಿದ, ಯಾರೋ ಬಂದು ಅದನ್ನು ಹಿಡಿದುಕೊಂಡ ಹಾಗೆ.

ನೀಲಾಂಬಿಕಾ ಅವನ ಸೊಂಟದಿಂದ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದಳು. ಕೆಲಸದ ದನಿಯಲ್ಲೇ ಹೇಳಿದಳು:

“ಹಾಂ. ಇನ್ನೊಮ್ಮೆ.”